ಕಣ್ಣಿಗಿಂತ ಮೊದಲು ಕಾಲು

ಛಾಯಾಗ್ರಹಣದ ಚರಿತ್ರೆಯನ್ನು ಬರೆದವರೆಲ್ಲರೂ ಮಸೂರದ ಮಹಿಮೆಯನ್ನೂ ರಸಾಯನಗಳ ಚಮತ್ಕಾರವನ್ನೂ ಬಾಯ್ತುಂಬ ಹೊಗಳಿ, ಆ ಮಸೂರವನ್ನು ನೆಲದಿಂದ ಎತ್ತಿ ಹಿಡಿದ ಮೂರು ಮರದ ಕಾಲುಗಳ ಪ್ರಸ್ತಾಪ ಬಂದಾಗ ಮಾತ್ರ ಮೌನ ತಾಳುವುದು ನನಗೆ ಬಹುಕಾಲದಿಂದ ಒಂದು ಅನ್ಯಾಯವಾಗಿಯೇ ತೋರಿದೆ. ಪುಸ್ತಕದವರು ಅದನ್ನು ತ್ರಿಪಾದಿ ಎನ್ನುತ್ತಾರೆ. ನಮ್ಮ ಕಡೆಯ ಸ್ಟುಡಿಯೋಗಳಲ್ಲಿ ಅದು ಬರಿಯ ಸ್ಟ್ಯಾಂಡು. ಫುಲ್ ಪ್ಲೇಟಿನ, ಎಂದರೆ ಆರೂವರೆ ಅಂಗುಲಕ್ಕೆ ಎಂಟೂವರೆ ಅಂಗುಲದ ಗಾಜನ್ನು ನುಂಗತಕ್ಕ ಹಳೆಯ ಪೆಟ್ಟಿಗೆಯ ಮುಂದೆ ಮೈಬಿಗಿದು ಕುಳಿತ ನಮ್ಮ ಅಜ್ಜಂದಿರು ತಮ್ಮ ಉಸಿರನ್ನು ಹಿಡಿದರೆ ಸಾಕಾಗುತ್ತಿರಲಿಲ್ಲ, ಸ್ಟ್ಯಾಂಡೂ ಉಸಿರು ಹಿಡಿಯಬೇಕಾಗಿತ್ತು.

ಕಾಲು ಮೂರೇ ಏಕೆ ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಕೊಲ್ಲಾಪುರ ಸೀಮೆಯ ನಮ್ಮ ಕೊರೋಚಿಯಂಥ ಊರಿನವರು ಯುಕ್ಲಿಡನ ತನಕ ಹೋಗಬೇಕಾಗಿಲ್ಲ. ಈ ಗಡಿಸೀಮೆಯ ಲಿಂಗಾಯತ ಮನೆಗಳಲ್ಲಿಯೂ ಮಠಗಳಲ್ಲಿಯೂ ಊಟದ ತಾಟನ್ನು ಇರಿಸಲು ಬಳಸುತ್ತಿದ್ದ ಅಡ್ಡಣಿಗೆಗೆ ಮೂರು ಕಾಲು; ಸಗಣಿ ಸಾರಿಸಿದ ಏರುತಗ್ಗಿನ ನೆಲದ ಮೇಲೆ ಅದನ್ನು ಎಲ್ಲಿಟ್ಟರೂ ಅಲುಗದು. ನಾಲ್ಕು ಕಾಲಿನ ಮಣೆಯಾದರೋ ನೆಲ ಸಮನಾಗಿರಬೇಕೆಂದು ಹಟ ಹಿಡಿಯುತ್ತದೆ, ಇಲ್ಲವಾದರೆ ಒಂದು ಕಾಲಿನ ಅಡಿಗೆ ಬೆಣಚುಕಲ್ಲನ್ನು ಬೇಡುತ್ತದೆ. ಮೂರು ಬಿಂದುಗಳು ಯಾವಾಗಲೂ ಒಂದೇ ಸಮತಲದಲ್ಲಿ ಇರುತ್ತವೆಯೆಂಬ ರೇಖಾಗಣಿತದ ತತ್ತ್ವವನ್ನು ನಮ್ಮ ಅಡಿಗೆಮನೆ ಅನುಭವದಿಂದಲೇ ಅರಿತುಕೊಂಡಿತ್ತು.

ಕನ್ನಡನಾಡಿಗೆ ಭಾರವಾದ ಛಾಯಾಯಂತ್ರವು ಬಂದಿಳಿದದ್ದು ಫಿರಂಗಿಯವರ ಕೈಯಿಂದ. 1855ರಲ್ಲಿ ಮುಂಬಯಿ ಫಿರಂಗಿದಳದ ಥಾಮಸ್ ಬಿಗ್ಸ್ ಎಂಬ ಅಧಿಕಾರಿಯನ್ನು ಈಸ್ಟ್ ಇಂಡಿಯಾ ಕಂಪನಿಯು ಶಿಲ್ಪ ಮತ್ತು ಶಾಸನಗಳ ಚಿತ್ರ ತೆಗೆಯಲು ನಿಯಮಿಸಿತು. ಆತನು ವಿಜಾಪುರ, ಬಾದಾಮಿ, ಐಹೊಳೆ, ಪಟ್ಟದಕಲ್ಲುಗಳನ್ನು ಸುತ್ತಿದನು; ಆದರೆ ಆ ವರ್ಷ ಮುಗಿಯುವಷ್ಟರಲ್ಲಿ ಸೈನ್ಯದ ಕೆಲಸಕ್ಕೆ ಹಿಂತಿರುಗಬೇಕಾಗಿ ಬಂತು. ಅವನ ತರುವಾಯ ಡಾಕ್ಟರ್ ಪಿಗೂ, ಆ ಬಳಿಕ ನೀಲ್ ಆ ಕಾರ್ಯವನ್ನು ಮುಂದುವರಿಸಿದರು. ಅವರ ಚಿತ್ರಗಳು ಮೆಡೋಸ್ ಟೇಲರನ ಬರಹದೊಡನೆ 1866ರಲ್ಲಿ ದೊಡ್ಡ ಸಂಪುಟಗಳಾಗಿ ಅಚ್ಚಾದವು. ಇವರೆಲ್ಲರಿಗಿಂತಲೂ ನನ್ನನ್ನು ಬೆರಗುಗೊಳಿಸತಕ್ಕವನು ಮದ್ರಾಸು ಸೈನ್ಯದ ಅಲೆಕ್ಸಾಂಡರ್ ಗ್ರೀನ್‌ಲಾ. ಆತನು 1856ರಲ್ಲಿ ಹಂಪೆಯ ಬಂಡೆಗಳ ನಡುವೆ ಸುಮಾರು 16 ಅಂಗುಲಕ್ಕೆ 18 ಅಂಗುಲದ ಮೇಣಗಾಗದದ ನೆಗೆಟಿವುಗಳನ್ನು ತೆಗೆದನು. ಆ ಕಾಲದಲ್ಲಿ ಚಿತ್ರವನ್ನು ದೊಡ್ಡದು ಮಾಡುವ ಸುಲಭೋಪಾಯ ಇರಲಿಲ್ಲವಾದುದರಿಂದ ಎಷ್ಟು ದೊಡ್ಡ ಚಿತ್ರ ಬೇಕೋ ಅಷ್ಟೇ ದೊಡ್ಡ ಪೆಟ್ಟಿಗೆಯನ್ನು ಹೊತ್ತು ತಿರುಗಬೇಕಾಗಿತ್ತು. ಮೇಣಗಾಗದವಾದರೋ ಬೆಳಕನ್ನು ಕುಡಿಯಲು ಹಲವು ನಿಮಿಷಗಳನ್ನು ತೆಗೆದುಕೊಳ್ಳುವ ಸೋಮಾರಿ. ಹಾಗಾಗಿ ತುಂಗಭದ್ರೆಯ ಗಾಳಿಯಲ್ಲಿ, ಕಾದ ಕಲ್ಲಿನ ಮೇಲೆ, ಹೆಗ್ಗಡಿಗೆಯಷ್ಟು ದಪ್ಪದ ಯಂತ್ರವೊಂದು ಅಷ್ಟು ಹೊತ್ತೂ ಕೂದಲೆಳೆಯಷ್ಟೂ ಅಲುಗದೆ ನಿಂತಿರಬೇಕಾಗಿತ್ತು. ಆ ಕಾಗದಗಳು ಲಂಡನ್ನಿನಲ್ಲಿ 1980ರಲ್ಲಿ ಬೆಳಕಿಗೆ ಬಂದ ಮೇಲೆ ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ 1983ರಲ್ಲಿ ಹಂಪೆಗೆ ಬಂದು, ಗ್ರೀನ್‌ಲಾ ನಿಂತ ಎಡೆಗಳನ್ನೇ ಹುಡುಕಿ ಮತ್ತೆ ಚಿತ್ರ ತೆಗೆದರು. ನೂರಿಪ್ಪತ್ತೇಳು ವರ್ಷಗಳ ಹಿಂದೆ ಮೂರು ಕಾಲುಗಳು ಊರಿದ್ದ ಜಾಗವನ್ನು ಚಿತ್ರದ ಒಳಗಿನಿಂದಲೇ ಲೆಕ್ಕ ಹಾಕಿ ಗುರುತಿಸಬಹುದೆಂಬುದು ಸಣ್ಣ ಸಂಗತಿಯಲ್ಲ.

ಇಂಥ ಯಂತ್ರಕ್ಕೆ ಸ್ಟ್ಯಾಂಡು ಏಕೆ ಗಟ್ಟಿಯಾಗಿರಬೇಕು ಎಂದು ಕೇಳಿದರೆ ಭಾರಕ್ಕಾಗಿ ಎಂದು ಎಲ್ಲರೂ ಹೇಳುತ್ತಾರೆ. ಆದರೆ ಅದು ಅರ್ಧ ಸತ್ಯ. ಕಮ್ಮಾರನ ತಿದಿಯಂತೆ ಮಡಿಕೆ ಮಡಿಕೆಯಾದ ಚರ್ಮವನ್ನು ಮುಂದಕ್ಕೆ ಎಳೆದ ಕ್ಷಣ ಯಂತ್ರದ ತೂಕವೆಲ್ಲ ಮೂತಿಯ ಕಡೆಗೆ ಸರಿಯುತ್ತದೆ. ಪ್ಲೇಟಿನ ಚೌಕಟ್ಟನ್ನು ಹಿಂಬದಿಗೆ ಸೇರಿಸುವಾಗ ಕೈಯ ನೂಕು ಬೀಳುತ್ತದೆ. ತಲೆಯ ಮೇಲೆ ಹೊದೆಯುವ ಕರಿಯ ಅರಿವೆಯಾದರೋ ಗಾಳಿ ಬಂದೊಡನೆ ಹಡಗಿನ ಹಾಯಿಯಂತೆ ಉಬ್ಬಿ ನಿಲ್ಲುತ್ತದೆ. ಹೊರುವ ಶಕ್ತಿ ಒಂದು, ತಿರುಚಿಕೊಳ್ಳದಿರುವ ಶಕ್ತಿ ಇನ್ನೊಂದು. ಕೊಳ್ಳುವವರು ಮೊದಲನೆಯದನ್ನು ನೋಡಿ ಎರಡನೆಯದರಿಂದ ಮೋಸಹೋಗುತ್ತಾರೆ. ಎರೆಭೂಮಿಯಲ್ಲಿ ಕಾಲಿನ ಕಬ್ಬಿಣದ ಮೊನೆ ಆಳಕ್ಕೆ ಇಳಿದು ಹಿಡಿತ ಕೊಡುತ್ತದೆ. ಅದೇ ಮೊನೆ ದೇವಾಲಯದ ನುಣುಪು ಹಾಸುಗಲ್ಲಿನ ಮೇಲೆ ಜಾರಿ ಕಾಲುಗಳನ್ನು ಹಿಸಿದುಬಿಡುತ್ತದೆ. ಮೂರು ಕಾಲುಗಳನ್ನು ಹಗ್ಗದಿಂದಲೋ ಸರಪಳಿಯಿಂದಲೋ ಒಂದಕ್ಕೊಂದು ಬಿಗಿದು, ನಡುವೆ ಕಲ್ಲು ತುಂಬಿದ ಚೀಲವನ್ನು ತೂಗುಬಿಡುವುದೇ ಇದಕ್ಕೆ ಉಪಾಯ. ಮರದ ಆಯ್ಕೆಯೂ ಹವೆಯನ್ನು ಅನುಸರಿಸಿದ್ದು: ಇಂಗ್ಲೆಂಡಿನ ತಯಾರಕರು ಉಷ್ಣದೇಶಗಳಿಗೆಂದೇ ಹಿತ್ತಾಳೆಯ ಪಟ್ಟಿ ಬಿಗಿದ ತೇಗದ ಯಂತ್ರಗಳನ್ನು ಮಾಡಿ ಕಳಿಸುತ್ತಿದ್ದರು. ನಮ್ಮವರ ಬಾಯಲ್ಲಿ ಅದು ಸಾಗವಾನಿ. ಬೇಸಗೆಯಲ್ಲಿ ಬಿರಿಯದು, ಮಳೆಗಾಲದಲ್ಲಿ ಉಬ್ಬದು, ಗೆದ್ದಲಿಗೂ ಅದರ ರುಚಿ ಹಿಡಿಸದು.

ಕೊಲ್ಲಾಪುರದಲ್ಲಿ ಈ ವಿದ್ಯೆಯು ಬಡಗಿಯ ಉಳಿಯೊಡನೆಯೂ ಲೇಥಿನ ಚಕ್ರದೊಡನೆಯೂ ಕೈಜೋಡಿಸಿತು. ಬಾಬುರಾವ್ ಪೇಂಟರ್ ಎಂದು ಲೋಕವು ಕರೆಯುವ ಬಾಬುರಾವ್ ಕೃಷ್ಣರಾವ್ ಮೇಸ್ತ್ರಿ, ತಮ್ಮ ಬಂಧು ಆನಂದರಾವ್ 1916ರಲ್ಲಿ ಅರ್ಧದಲ್ಲಿಯೇ ಬಿಟ್ಟು ತೀರಿಕೊಂಡ ಕೆಲಸವನ್ನು ಕೈಗೆತ್ತಿಕೊಂಡು, ವಿಷ್ಣುಪಂತ ದಾಮ್ಲೆಯವರ ಸಹಾಯದಿಂದ ಚಲನಚಿತ್ರದ ಕ್ಯಾಮರಾ ಒಂದನ್ನು ಈ ಊರಿನಲ್ಲಿಯೇ ಕಟ್ಟಿದರು. ಅದರಿಂದ ತೆಗೆದ ‘ಸೈರಂಧ್ರಿ’ 1920ರಲ್ಲಿ ತೆರೆ ಕಂಡಿತು. ಲೋಕಮಾನ್ಯ ತಿಲಕರು ಅವರಿಗೆ ‘ಸಿನೇಮಾ ಕೇಸರಿ’ ಎಂಬ ಬಿರುದನ್ನಿತ್ತರು. ಕೈಯಿಂದ ತಿರುಗಿಸುವ ಆ ಕ್ಯಾಮರಾಗಳ ಸ್ಟ್ಯಾಂಡಿಗೆ ಬೇರೆಯೇ ಕಷ್ಟ: ಒಂದು ಸುತ್ತಿಗೆ ಎಂಟು ಚಿತ್ರ, ಸೆಕೆಂಡಿಗೆ ಎರಡು ಸುತ್ತು ಎಂಬ ಲೆಕ್ಕದಲ್ಲಿ ಹಿಡಿಕೆಯನ್ನು ತಿರುವುತ್ತ ಹೋದಂತೆ ತಿರುವುವ ತೋಳಿನ ತೂಗಾಟವೆಲ್ಲ ಕಾಲುಗಳಿಗೆ ಇಳಿಯುತ್ತದೆ. ಸ್ಥಿರಚಿತ್ರದವನು ಯಂತ್ರವನ್ನು ಮುಟ್ಟದೆ ದೂರ ನಿಲ್ಲಬಲ್ಲನು. ಇವನಾದರೋ ಅದರೊಡನೆ ಮಲ್ಲಯುದ್ಧ ಮಾಡುತ್ತಲೇ ಅದನ್ನು ಅಲುಗಿಸದಿರಬೇಕು. ಮಲ್ಲರ ಊರಿನಲ್ಲಿ ಇದು ತಕ್ಕ ಕಲೆಯೇ ಸರಿ.

ಕನ್ನಡಿಗರು ಇಲ್ಲಿ ಇನ್ನೊಂದು ಋಣವನ್ನು ನೆನೆಯಬೇಕು. ಕನ್ನಡದ ಮೊದಲ ವಾಕ್ಚಿತ್ರವಾಗಿ ತೆರೆ ಕಂಡ ‘ಸತಿ ಸುಲೋಚನಾ’ ಚಿತ್ರೀಕರಣವಾದದ್ದು ಬೆಂಗಳೂರಿನಲ್ಲಲ್ಲ, ಮೈಸೂರಿನಲ್ಲಲ್ಲ, ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ವೈ. ವಿ. ರಾವ್ ನಿರ್ದೇಶಿಸಿ, ಸುಬ್ಬಯ್ಯ ನಾಯ್ಡು, ತ್ರಿಪುರಾಂಬಾ, ಆರ್. ನಾಗೇಂದ್ರರಾವ್ ನಟಿಸಿದ ಆ ಚಿತ್ರ 1934ರ ಮಾರ್ಚ್ 3ರಂದು ಬಿಡುಗಡೆಯಾಯಿತು. ಅದರ ಮಾತುಗಳನ್ನು ಬರೆದ ಬೆಳ್ಳಾವೆ ನರಹರಿಶಾಸ್ತ್ರಿಗಳ ಕನ್ನಡ ಮೊದಲು ತೆರೆಗೆ ಏರಿದ್ದು ಪಂಚಗಂಗಾ ನದಿ ಹರಿಯುವ ಈ ನೆಲದಲ್ಲಿ ಊರಿದ ಕಾಲುಗಳ ಮೇಲಿನಿಂದ ಎಂದರೆ ಅತಿಶಯೋಕ್ತಿಯಾಗದು.

ಈಗ ಕೊರೋಚಿಯ ಮಾತು. ಮಗ್ಗುಲಿನ ಇಚಲಕರಂಜಿಯಲ್ಲಿ 1904ರಲ್ಲಿ ವಿಠಲರಾವ್ ದಾತಾರರು ಮೊದಲ ವಿದ್ಯುನ್ಮಗ್ಗವನ್ನು ಹೂಡಿದಂದಿನಿಂದ ಈ ಸೀಮೆಯ ನೆಲಕ್ಕೆ ನಿದ್ರೆಯೆಂಬುದಿಲ್ಲ. ಲಾಳಿ ಬಡಿದಂತೆಲ್ಲ ಗೋಡೆ ನಡುಗುತ್ತದೆ, ನೀರು ತುಂಬಿದ ತಂಬಿಗೆಯಲ್ಲಿ ಬಳೆಬಳೆಯಾದ ಅಲೆ ಏಳುತ್ತದೆ. ಇಂಥ ನೆಲದ ಮೇಲೆ ಹಗುರವಾದ ಅಲ್ಯೂಮಿನಿಯಂ ಸ್ಟ್ಯಾಂಡಿನಲ್ಲಿ ದೊಡ್ಡ ಕ್ಯಾಮರಾವನ್ನು ಕೂರಿಸಿ ನಾಲ್ಕು ಸೆಕೆಂಡು ತೆರೆದಿಟ್ಟ ನನ್ನ ಮೊದಲ ಪ್ರಯತ್ನದಲ್ಲಿ ನೇಕಾರನೂ ಮಗ್ಗವೂ ಒಂದೇ ಮಂಜಾಗಿ ಮೂಡಿದ್ದರು. ಮಗ್ಗ ಓಡುತ್ತಿದ್ದುದರಿಂದ ಅದು ಸಹಜ, ಆದರೆ ಹಿಂದಿನ ಗೋಡೆಯೂ ಓಡಿತ್ತು. ಲೋಹವು ನಡುಕವನ್ನು ಹಿಡಿದಿಟ್ಟು ಗಂಟೆಯಂತೆ ಅನುರಣಿಸುತ್ತದೆ. ಮರವು ಅದನ್ನು ನುಂಗಿ ಸುಮ್ಮನಾಗುತ್ತದೆ. ಜರ್ಮನಿಯ ಬರ್ಲೆಬಾಖ್ ಕಂಪನಿ ಇಂದಿಗೂ ಆಷ್ ಮರದಲ್ಲಿಯೇ ಕಾಲುಗಳನ್ನು ಮಾಡುತ್ತಿರುವುದು ಹಳೆಯದರ ಮೋಹದಿಂದ ಮಾತ್ರವಲ್ಲ.

ಅಷ್ಟು ದೂರದಿಂದ ತರಿಸುವ ಶಕ್ತಿಯಿಲ್ಲದವರು ಭೂಮಾಪನದವರು ಬಳಸುವ ಮರದ ಸ್ಟ್ಯಾಂಡನ್ನು ಹುಡುಕಬೇಕೆಂಬುದು ನನ್ನ ಅಭಿಪ್ರಾಯ. ಅದರ ತಲೆಯ ತಿರುಪು ಅಂಗುಲದ ಎಂಟರಲ್ಲಿ ಐದು ಭಾಗ, ದೊಡ್ಡ ಕ್ಯಾಮರಾದ್ದು ಎಂಟರಲ್ಲಿ ಮೂರು ಭಾಗ. ಎರಡನ್ನೂ ಕೂಡಿಸುವ ಹಿತ್ತಾಳೆಯ ತುಂಡೊಂದನ್ನು ಕೊಲ್ಲಾಪುರದ ಉದ್ಯಮನಗರದ ಯಾವ ಲೇಥ್ ಅಂಗಡಿಯವನಾದರೂ ಒಂದು ಮಧ್ಯಾಹ್ನದಲ್ಲಿ ಕಡೆದು ಕೊಡಬಲ್ಲನು. ಕೊಳ್ಳುವ ಮುನ್ನ ಕಾಲುಗಳನ್ನು ಪೂರ್ತಿ ಎಳೆದು ನಿಲ್ಲಿಸಿ, ಮೇಲಿನ ಹಲಗೆಯ ಮೇಲೆ ಎರಡೂ ಅಂಗೈಯಿಟ್ಟು ಮೈಭಾರ ಹಾಕಿ ಒತ್ತಿರಿ, ಆಮೇಲೆ ಬೀಸುಕಲ್ಲನ್ನು ತಿರುಗಿಸುವಂತೆ ಎಡಕ್ಕೂ ಬಲಕ್ಕೂ ತಿರುಚಿರಿ. ಒತ್ತಿದಾಗ ತಾಳಿಕೊಂಡು ತಿರುಚಿದಾಗ ಸೊಲ್ಲೆತ್ತುವುದಾದರೆ, ಅಂಗಡಿಯವನು ಬೆಲೆಯನ್ನು ಅರ್ಧಕ್ಕಿಳಿಸಿದರೂ ಅದನ್ನು ಅಲ್ಲಿಯೇ ಬಿಟ್ಟು ಬನ್ನಿರಿ.