ಟ್ರೀ ಸ್ಯಾಡಲ್ ಬೇಟೆ: ಹೊಸಬರ ಮೊದಲ ಪಾಠ ನೆಲದ ಬಳಿಯಲ್ಲೇ

ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯನ್ನು ಬಿಲ್ಲಿನಿಂದ ಬೇಟೆಯಾಡುವವರು ಮರವೇರಿ ಕಾಯುವುದು ಹಳೆಯ ರೂಢಿ. ಇದಕ್ಕೆ ಬಳಸುವ ಲೋಹದ ಅಟ್ಟಣೆಗಳನ್ನು ಹೊತ್ತು ತಿರುಗುವುದು ಸುಲಭವಲ್ಲ. ಆದ್ದರಿಂದ ಹಲವರು ‘ಟ್ರೀ ಸ್ಯಾಡಲ್’ನ ಮೊರೆ ಹೋಗಿದ್ದಾರೆ. ಸೊಂಟ ಮತ್ತು ತೊಡೆಗಳನ್ನು ಆವರಿಸುವ, ಗಟ್ಟಿ ಬಟ್ಟೆಯಿಂದ ಹೊಲಿದ ಜೋಲಿ ಇದು. ಮಿಷಿಗನ್‌ನ ಬೇಟೆಗಾರ, ಲೇಖಕ ಜಾನ್ ಎಬರ್‌ಹಾರ್ಟ್ ಈ ಪದ್ಧತಿಯ ಹಿರಿಯ ಪ್ರತಿಪಾದಕರಲ್ಲಿ ಒಬ್ಬರು.

ಮೂರು ಹಗ್ಗಗಳು

ವಿದ್ಯುತ್ ಕಂಬ ಏರುವವರ ಪಟ್ಟಿಯಂತೆ ಮರವನ್ನು ಬಳಸಿ ಬರುವುದು ‘ಲೈನ್‌ಮನ್’ ಹಗ್ಗ. ಇದು ಏರುವಾಗ ಮತ್ತು ಇಳಿಯುವಾಗ ಆಸರೆ. ಮೇಲೆ ತಲುಪಿದ ನಂತರ ಕಾಂಡಕ್ಕೆ ಬಿಗಿಯುವುದು ‘ಟೆದರ್’. ಜೋಲಿಯ ಎರಡು ಬದಿಗಳನ್ನು ಮುಂಭಾಗದಲ್ಲಿ ಜೋಡಿಸಿ ಟೆದರ್‌ಗೆ ಕೊಂಡಿ ಹಾಕಲು ನೆರವಾಗುವುದು ‘ಬ್ರಿಡ್ಜ್’. ಪಾದಗಳನ್ನು ಊರಲು ಚಿಕ್ಕ ಹಲಗೆಯೊಂದಿರುತ್ತದೆ. ಬೇಟೆಗಾರ ಮರಕ್ಕೆ ಮುಖ ಮಾಡಿ ಹಿಂದಕ್ಕೆ ವಾಲುತ್ತಾನೆ, ಇಲ್ಲವೇ ಮೊಣಕಾಲನ್ನು ಕಾಂಡಕ್ಕೆ ಒತ್ತಿ ಕುಳಿತುಕೊಳ್ಳುತ್ತಾನೆ. ಜಿಂಕೆ ಬಂದಾಗ ಕಾಂಡವೇ ಆತನಿಗೆ ಮರೆ.

ರೂಢಿಯಾಗುವ ಬಗೆ

ಮೊದಲ ದಿನ ಸೊಂಟ ಹಿಂಡಿದಂತಾಗುವುದು, ಮೊಣಕಾಲು ನೋಯುವುದು ಸಾಮಾನ್ಯ. ಬಹುಪಾಲು ತೊಂದರೆಗೆ ಹಗ್ಗದ ಅಳತೆ ಸರಿಯಿಲ್ಲದಿರುವುದೇ ಕಾರಣ. ಟೆದರನ್ನು ಹಣೆಯ ಮಟ್ಟಕ್ಕೆ ಕಟ್ಟಿ, ನಂತರ ಸ್ವಲ್ಪ ಮೇಲೆ ಕೆಳಗೆ ಸರಿಸಿ ನೋಡಬೇಕು. ಬ್ರಿಡ್ಜ್‌ನ ಉದ್ದವನ್ನೂ ಬದಲಿಸಿ ಪರೀಕ್ಷಿಸಬೇಕು. ಮೊಣಕಾಲಿಗೆ ಮೆತ್ತೆ, ಬೆನ್ನಿಗೆ ಪಟ್ಟಿ ಇದ್ದರೆ ಹೆಚ್ಚು ಹೊತ್ತು ಕಾಯಬಹುದು.

ಈ ಅಭ್ಯಾಸ ನೆಲದಿಂದ ಒಂದೆರಡು ಅಡಿ ಎತ್ತರದಲ್ಲೇ ನಡೆಯಬೇಕು. ಕಾಂಡದ ಸುತ್ತ ಎಲ್ಲ ದಿಕ್ಕಿಗೂ ತಿರುಗಿ ಬಾಣ ಬಿಡುವುದು, ಅದರಲ್ಲೂ ಬಲಗೈ ಬಿಲ್ಲುಗಾರರಿಗೆ ಕಷ್ಟವೆನಿಸುವ ಬಲಬದಿಗೆ ಗುರಿಯಿಡುವುದು ಕರಗತವಾದ ಬಳಿಕವೇ ಎತ್ತರದ ಮಾತು.

ಜೀವದ ಪ್ರಶ್ನೆ

ಅಮೆರಿಕದ ಬೇಟೆಗಾರರು ಗಾಯಗೊಳ್ಳುವ ಪ್ರಮುಖ ಕಾರಣಗಳಲ್ಲಿ ಮರದಿಂದ ಬೀಳುವುದೂ ಒಂದು. ಆದ್ದರಿಂದ ಕಾಲು ನೆಲ ಬಿಟ್ಟ ಕ್ಷಣದಿಂದ ಮರಳಿ ನೆಲ ಮುಟ್ಟುವವರೆಗೂ ಒಂದಾದರೂ ಹಗ್ಗ ಮರಕ್ಕೆ ಬಿಗಿದಿರಲೇಬೇಕು. ಟೆದರ್ ಕಟ್ಟಿ ದೇಹದ ಭಾರ ಬಿಟ್ಟು ನೋಡಿದ ಮೇಲಷ್ಟೇ ಲೈನ್‌ಮನ್ ಹಗ್ಗ ಬಿಚ್ಚಬೇಕು. ಟೆದರ್ ಸಡಿಲವಾಗಿದ್ದರೆ ಕಾಲು ಜಾರಿದಾಗ ದೇಹ ಝಟಕ್ಕನೆ ಜಗ್ಗಿ ಪೆಟ್ಟಾಗುತ್ತದೆ. ಒಣಗಿದ ಮರ ಏರಬಾರದು. ಬಿಲ್ಲು ಬಾಣಗಳನ್ನು ಹೊತ್ತು ಏರದೆ, ಮೇಲೆ ತಲುಪಿದ ನಂತರ ಹಗ್ಗದಿಂದ ಎಳೆದುಕೊಳ್ಳಬೇಕು. ಜೋಲಿಯಲ್ಲಿ ಅಲುಗಾಡದೆ ಬಹಳ ಹೊತ್ತು ನೇತಾಡಿದರೆ ಕಾಲುಗಳಲ್ಲಿ ರಕ್ತ ನಿಂತು ಪ್ರಜ್ಞೆ ತಪ್ಪುವ ಅಪಾಯವಿದೆ. ಹೋಗುವ ಸ್ಥಳ, ಮರಳುವ ಸಮಯವನ್ನು ಮನೆಯವರಿಗೆ ತಿಳಿಸಿರುವುದು ಅಗತ್ಯ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯನ್ವಯ ಜಿಂಕೆ ಬೇಟೆ ಶಿಕ್ಷಾರ್ಹ ಅಪರಾಧ. ಆದರೆ ಕಾಲು ನೆಲ ಬಿಟ್ಟಾಗ ಹಗ್ಗ ಬಿಡಬಾರದೆಂಬ ಪಾಠ ರಾಜ್ಯದ ಅಡಿಕೆ, ತೆಂಗಿನ ಮರ ಏರುವ ಕಾರ್ಮಿಕರಿಗೂ ಅಷ್ಟೇ ಅನ್ವಯಿಸುತ್ತದೆ.