ಎರಡು ಕಡಲತೀರ, ಎರಡು ಸಮಿತಿ

ಪೌರನೀತಿಯ ತರಗತಿಯಲ್ಲಿ ‘ಜನರ ಸಹಭಾಗಿತ್ವ’ ಎಂಬ ಮಾತನ್ನು ಕರಿಹಲಗೆಯ ಮೇಲೆ ಎಷ್ಟು ಸಲ ಬರೆದೆನೋ ಲೆಕ್ಕವಿಲ್ಲ. ಅದಕ್ಕೆ ತಕ್ಕ ಉದಾಹರಣೆ ಆಗ ನನ್ನ ಬಳಿ ಇರಲಿಲ್ಲ. ಈಗ ದೊರೆತಿದೆ, ಅದು ಅಮೆರಿಕದ್ದು.

ಅಲ್ಲಿನ ಸಾರ್ವಜನಿಕ ಭೂಮಿಗಳಲ್ಲಿ ರಸ್ತೆ ಬಿಟ್ಟು ಜೀಪು, ಮೋಟಾರ್ ಸೈಕಲ್ಲುಗಳನ್ನು ಓಡಿಸುವ ಹವ್ಯಾಸ ಬೆಳೆದಾಗ, ಅಧ್ಯಕ್ಷ ನಿಕ್ಸನ್ 1972ರಲ್ಲಿ ಒಂದು ಆದೇಶ ಹೊರಡಿಸಿದರು. ವಾಹನಗಳಿಗೆ ಎಲ್ಲಿ ಪ್ರವೇಶ, ಎಲ್ಲಿ ನಿಷೇಧ ಎಂಬುದನ್ನು ಇಲಾಖೆಗಳು ಗೊತ್ತುಪಡಿಸಬೇಕು, ಜನರ ಅಭಿಪ್ರಾಯವನ್ನೂ ಕೇಳಬೇಕು ಎಂಬುದು ಅದರ ಸಾರ. ಆದೇಶವೇನೋ ಸರಿ, ಪಾಲನೆಯ ಮಾತು ಬೇರೆ.

ಮ್ಯಾಸಚೂಸೆಟ್ಸ್‌ನ ಕೇಪ್ ಕಾಡ್ ತೀರವನ್ನು ರಾಷ್ಟ್ರೀಯ ಕಡಲತೀರವೆಂದು ಸಾರಿದ 1961ರ ಕಾನೂನಿನಲ್ಲಿಯೇ ಸಲಹಾ ಮಂಡಳಿಗೆ ಸ್ಥಾನವಿತ್ತು. ಸುತ್ತಲಿನ ಆರು ಊರುಗಳಿಗೂ ಅದರಲ್ಲಿ ಪ್ರಾತಿನಿಧ್ಯವಿತ್ತು. ಮುಂದೆ ಪೈಪಿಂಗ್ ಪ್ಲೋವರ್ ಎಂಬ ಪುಟ್ಟ ಹಕ್ಕಿಯ ಪ್ರಶ್ನೆ ಎದ್ದಿತು. ಅದು ಬಯಲು ಮರಳಿನಲ್ಲಿಯೇ ಮೊಟ್ಟೆಯಿಡುತ್ತದೆ. ಮರಿಗಳು ಚಕ್ರದ ಜಾಡಿನಲ್ಲಿ ಸಿಕ್ಕಿ ಸಾಯುತ್ತವೆ. 1995ರಲ್ಲಿ ವಾಹನದವರು, ಪಕ್ಷಿಪ್ರೇಮಿಗಳು, ಅಧಿಕಾರಿಗಳು ಒಂದೇ ಮೇಜಿನ ಸುತ್ತ ಕುಳಿತು ಒಮ್ಮತಕ್ಕೆ ಬಂದರು. 1998ರಲ್ಲಿ ಅದೇ ನಿಯಮವಾಯಿತು.

ಉತ್ತರ ಕೆರೊಲಿನಾದ ಕೇಪ್ ಹಟೆರಾಸ್‌ನಲ್ಲಿ ಹೀಗಾಗಲಿಲ್ಲ. ಅಲ್ಲಿಗೆ ಡಾಂಬರು ರಸ್ತೆ ಬಂದದ್ದು 1952ರಲ್ಲಿ. ಅದಕ್ಕೆ ಮುನ್ನ ಕಡಲದಂಡೆಯೇ ರಸ್ತೆ. ಹೀಗಾಗಿ ದ್ವೀಪದ ಹಳಬರಿಗೆ ಮರಳಿನ ಮೇಲೆ ವಾಹನ ಓಡಿಸುವುದು ಮೋಜಲ್ಲ, ತಲೆಮಾರಿನಿಂದ ಬಂದ ಹಕ್ಕು. ಈ ಮಾತನ್ನು ದೂರದ ನಗರವಾಸಿಗಳು ಅರಿಯುವುದು ಕಷ್ಟ. ಆದರೆ ನಿಕ್ಸನ್ ಆದೇಶ ಬಯಸಿದ ನಿಯಮವನ್ನು ಅಲ್ಲಿ ದಶಕಗಟ್ಟಲೆ ಯಾರೂ ಮಾಡಲಿಲ್ಲವೆಂಬುದೂ ನಿಜ. 2007ರಲ್ಲಿ ಪರಿಸರ ಸಂಘಟನೆಗಳು ನ್ಯಾಯಾಲಯದ ಮೊರೆಹೊಕ್ಕವು. ಅದೇ ವರ್ಷದ ಕೊನೆಗೆ ಸಮಿತಿಯೂ ರಚನೆಯಾಯಿತು. ಮಾತುಕತೆ ನಡೆಯುತ್ತಿರುವಾಗಲೇ, 2008ರ ಏಪ್ರಿಲ್‌ನಲ್ಲಿ, ಗೂಡುಕಟ್ಟುವ ಕಾಲದಲ್ಲಿ ದಂಡೆಯ ಭಾಗಗಳನ್ನು ಮುಚ್ಚುವ ರಾಜಿ ತೀರ್ಪು ಹೊರಬಿತ್ತು. ಕೋರ್ಟಿನಲ್ಲಿ ಅರ್ಧ ಗೆದ್ದವರಿಗೆ ಮೇಜಿನ ಬಳಿ ಬಿಟ್ಟುಕೊಡುವ ಅವಸರವೇಕೆ? ಸೋತೆವೆಂದು ಭಾವಿಸಿದವರಿಗೆ ನಂಬಿಕೆಯಾದರೂ ಎಲ್ಲಿಂದ ಬರಬೇಕು? 2009ರಲ್ಲಿ ಸಮಿತಿ ಒಮ್ಮತವಿಲ್ಲದೆ ಚದುರಿತು.

ಕೊನೆಗೆ ರಾಷ್ಟ್ರೀಯ ಉದ್ಯಾನ ಇಲಾಖೆ ತಾನೇ ನಿಯಮ ಬರೆದು 2012ರಲ್ಲಿ ಜಾರಿಗೆ ತಂದಿತು, ಆದೇಶ ಹೊರಟ 40 ವರ್ಷಗಳ ಬಳಿಕ. ದ್ವೀಪದವರ ದೂರು ಅಲ್ಲಿಗೂ ನಿಲ್ಲಲಿಲ್ಲ. ಆ ನಿರ್ಬಂಧಗಳನ್ನು ಮರುಪರಿಶೀಲಿಸಬೇಕೆಂದು 2014ರ ಡಿಸೆಂಬರ್‌ನಲ್ಲಿ ಅಮೆರಿಕದ ಸಂಸತ್ತೇ ಕಾನೂನು ಮಾಡಿತು.