ಇಟಗಿಯ ‘ದೇವಾಲಯ ಚಕ್ರವರ್ತಿ’: ಒಂದು ಬಿರುದಿನ ಅರ್ಥವಿಚಾರ

ಕೊಪ್ಪಳ ಜಿಲ್ಲೆಯ ಇಟಗಿಯ ಮಹಾದೇವ ದೇವಾಲಯವನ್ನು ಕುರಿತ ಬರವಣಿಗೆಗಳಲ್ಲಿ ಎರಡು ಮಾತುಗಳು ಬಹುಮಟ್ಟಿಗೆ ಜೋಡಿಯಾಗಿಯೇ ಬರುತ್ತವೆ. ಕ್ರಿ.ಶ. 1112ರ ಶಾಸನವು ಈ ಗುಡಿಯನ್ನು ‘ದೇವಾಲಯ ಚಕ್ರವರ್ತಿ’ ಎಂದು ಕರೆದಿದೆ ಎಂಬುದು ಒಂದು. ಹೆನ್ರಿ ಕಸಿನ್ಸ್ ಅವರು 1926ರಲ್ಲಿ ಪ್ರಕಟವಾದ ತಮ್ಮ ಚಾಲುಕ್ಯ ವಾಸ್ತುಗ್ರಂಥದಲ್ಲಿ ಕನ್ನಡ ನಾಡಿನ ಗುಡಿಗಳ ಪೈಕಿ ಹಳೇಬೀಡಿನ ನಂತರದ ಸ್ಥಾನವನ್ನು ಇದಕ್ಕೆ ಕೊಟ್ಟಿದ್ದಾರೆ ಎಂಬುದು ಇನ್ನೊಂದು. ಎಂಟು ಶತಮಾನಗಳ ಅಂತರವಿರುವ ಈ ಎರಡು ಮಾತುಗಳನ್ನು ಒಂದೇ ತೀರ್ಪಿಗೆ ಸಿಕ್ಕ ಎರಡು ಸಾಕ್ಷಿಗಳೆಂದು ಭಾವಿಸುವ ರೂಢಿಯನ್ನು ಪ್ರಶ್ನಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಿರ್ವಿವಾದವಾದ ಸಂಗತಿಗಳು ಇಷ್ಟು. ಕಲ್ಯಾಣ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076–1126) ದಂಡನಾಯಕನಾಗಿದ್ದ ಮಹಾದೇವನು ಈ ಗುಡಿಯನ್ನು ಕಟ್ಟಿಸಿದನು. ಬಹುಕಾಲ ಯಲಬುರ್ಗಾ ತಾಲ್ಲೂಕಿಗೆ ಸೇರಿದ್ದ ಇಟಗಿಯು ರಾಷ್ಟ್ರಕೂಟ ಕಾಲದ ನವಲಿಂಗ ಗುಡಿಗಳಿಗೆ ಹೆಸರಾದ ಕುಕನೂರಿನಿಂದ ಸುಮಾರು 7 ಕಿಲೋಮೀಟರ್ ದೂರದಲ್ಲಿದೆ. ಪೂರ್ವಾಭಿಮುಖವಾದ ಗುಡಿಗೆ ಗರ್ಭಗೃಹ, ಅಂತರಾಳ, ಇಕ್ಕೆಲಗಳಲ್ಲಿ ಬಾಗಿಲುಳ್ಳ ನವರಂಗ ಮತ್ತು ಮೂಲತಃ 68 ಕಂಬಗಳಿದ್ದ ತೆರೆದ ಮಂಟಪ ಇವೆ. ಇದನ್ನು ಬಳಪದ ಕಲ್ಲಿನಲ್ಲಿ ಕಟ್ಟಲಾಗಿದೆ. ಗುಡಿಯ ಸುತ್ತ 13 ಚಿಕ್ಕ ಗುಡಿಗಳಿವೆ. ಈ ವಿಷಯಗಳಲ್ಲಿ ವಿದ್ವಾಂಸರ ನಡುವೆ ಹೇಳಿಕೊಳ್ಳುವಂಥ ಭಿನ್ನಾಭಿಪ್ರಾಯವಿಲ್ಲ.

ಭಿನ್ನಾಭಿಪ್ರಾಯಕ್ಕೆ ಎಡೆಯಿರುವುದು ‘ಚಕ್ರವರ್ತಿ’ ಎಂಬ ಪದದಲ್ಲಿ. ಕಸಿನ್ಸ್ ಅವರ ಶ್ರೇಣೀಕರಣವು ಕೆತ್ತನೆಯ ನಯ ಮತ್ತು ಅಲಂಕಾರದ ಸಮೃದ್ಧಿಯನ್ನು ಅಳತೆಗೋಲಾಗಿ ಇಟ್ಟುಕೊಂಡದ್ದು. ಗುಡಿಗಳನ್ನು ನೋಡುತ್ತ, ಒಂದನ್ನೊಂದರ ಪಕ್ಕದಲ್ಲಿಟ್ಟು ತೂಗುವ ಪ್ರೇಕ್ಷಕನ ತೀರ್ಪು ಅದು. ಅವರು ಹೋಲಿಕೆಗೆ ತೆಗೆದುಕೊಂಡ ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವು ಇಟಗಿಯ ಶಾಸನ ಹುಟ್ಟಿದಾಗ ಇನ್ನೂ ತಲೆಯೆತ್ತಿರಲಿಲ್ಲ ಎಂಬುದನ್ನು ನೆನೆದರೆ, ಶಾಸನಕವಿಯ ಮನಸ್ಸಿನಲ್ಲಿದ್ದ ಹೋಲಿಕೆಯ ಚೌಕಟ್ಟು ಬೇರೆಯದೇ ಆಗಿರಬೇಕೆಂಬುದು ಸ್ಪಷ್ಟವಾಗುತ್ತದೆ. ಆ ಚೌಕಟ್ಟನ್ನು ಆ ಕಾಲದ ಕನ್ನಡದಲ್ಲಿಯೇ ಹುಡುಕಬೇಕಾಗುತ್ತದೆ.

ಹತ್ತನೆಯ ಶತಮಾನದಲ್ಲಿ ರಾಷ್ಟ್ರಕೂಟರ ಮೂರನೆಯ ಕೃಷ್ಣನಿಂದ ಪೊನ್ನನು ‘ಉಭಯಕವಿಚಕ್ರವರ್ತಿ’ ಎನಿಸಿಕೊಂಡನು; ಕಲ್ಯಾಣ ಚಾಲುಕ್ಯರ ಆಸ್ಥಾನದಲ್ಲಿ ರನ್ನನಿಗೆ ‘ಕವಿಚಕ್ರವರ್ತಿ’ ಎಂಬ ಬಿರುದು ಸಂದಿತು; ಇಟಗಿಯ ಶಾಸನದ ನಂತರ ಹೊಯ್ಸಳ ಇಮ್ಮಡಿ ಬಲ್ಲಾಳನಿಂದ ಅದೇ ಬಿರುದು ಜನ್ನನಿಗೂ ದೊರಕಿತು. ಎಂದರೆ ಶಾಸನಕ್ಕೆ ಮೊದಲೂ ಅನಂತರವೂ ಕನ್ನಡ ನಾಡಿನ ಆಸ್ಥಾನಗಳಲ್ಲಿ ‘ಚಕ್ರವರ್ತಿ’ ಎಂಬ ಉತ್ತರಪದವು ಬರಿಯ ಹೊಗಳಿಕೆಯಾಗಿರದೆ, ಒಂದು ಕ್ಷೇತ್ರದೊಳಗಿನ ಸ್ಥಾನವನ್ನು ಸೂಚಿಸುವ ಬಿರುದಾಗಿ ಬಳಕೆಯಲ್ಲಿತ್ತು. ಕವಿಚಕ್ರವರ್ತಿಯು ಸಿಂಹಾಸನದ ಮೇಲಿನ ಚಕ್ರವರ್ತಿಗೆ ಎದುರಾಳಿಯಲ್ಲ, ಅವನ ಆಶ್ರಯದಲ್ಲಿ ಕವಿಗಳ ನಡುವೆ ಅಗ್ರಸ್ಥಾನ ಪಡೆದವನು. ಈ ಹಿನ್ನೆಲೆಯಲ್ಲಿ ನೋಡಿದಾಗ, ದಂಡನಾಯಕನೊಬ್ಬನು ತನ್ನ ಒಡೆಯನು ಆಳುತ್ತಿರುವಾಗಲೇ ತಾನು ಕಟ್ಟಿಸಿದ ಗುಡಿಗೆ ‘ಚಕ್ರವರ್ತಿ’ ಎಂದು ಹೆಸರಿಟ್ಟದ್ದರಲ್ಲಿ ಕಾಣುವ ವಿಚಿತ್ರವು ಕರಗಿಹೋಗುತ್ತದೆ. ಚಾಲುಕ್ಯ ಶಾಸನಗಳು ಮೊದಲು ಅರಸನನ್ನು ಹೇಳಿ, ಬಳಿಕ ಅಧೀನನನ್ನು ‘ತತ್ಪಾದಪದ್ಮೋಪಜೀವಿ’, ಅಂದರೆ ಅವನ ಅಡಿದಾವರೆಯನ್ನು ಆಶ್ರಯಿಸಿ ಬದುಕುವವನು, ಎಂದು ಪರಿಚಯಿಸುವ ಕ್ರಮವನ್ನು ಪಾಲಿಸುತ್ತವೆ. ಮೇಲು ಕೀಳಿನ ಪ್ರಜ್ಞೆ ಇಷ್ಟು ಜಾಗೃತವಾಗಿದ್ದ ಬರವಣಿಗೆಯಲ್ಲಿ ‘ಚಕ್ರವರ್ತಿ’ ಎಂಬ ಪದವು ಸಡಿಲವಾಗಿ ಬಂದಿರುವ ಸಂಭವ ಕಡಿಮೆ.

ಚಕ್ರವರ್ತಿ ಎಂದ ಮೇಲೆ ಸಾಮಂತರು ಇರಲೇಬೇಕು. ಇಟಗಿಯಲ್ಲಿ ಆ ಸಾಮಂತರು ಕಣ್ಣಿಗೆ ಕಾಣುತ್ತಾರೆ ಎಂಬುದು ಈ ಲೇಖನದ ಮುಖ್ಯ ವಾದ. ಅಂಗಳದ 13 ಗುಡಿಗಳು ಪ್ರಧಾನ ಗುಡಿಯನ್ನು ಓಲಗದಲ್ಲಿ ಮಂಡಲಿಕರು ಸುತ್ತುವರಿಯುವಂತೆ ಸುತ್ತುವರಿದಿವೆ. ಗೋಡೆಯ ಮೇಲೆಯೂ ಇದೇ ಸಂಬಂಧ ಚಿಕ್ಕ ಪ್ರಮಾಣದಲ್ಲಿ ಮರುಕಳಿಸುತ್ತದೆ: ವಾಸ್ತು ಇತಿಹಾಸಕಾರ ಆಡಂ ಹಾರ್ಡಿ ಅವರು ತೋರಿಸಿಕೊಟ್ಟಿರುವಂತೆ, ಕರ್ನಾಟ ದ್ರಾವಿಡ ಶೈಲಿಯ ಗುಡಿಯೆಂದರೆ ಉಬ್ಬುಗೆತ್ತನೆಯಲ್ಲಿ ಮೂಡಿಸಿದ ಪುಟ್ಟ ಗುಡಿಗಳ ಪ್ರತಿರೂಪಗಳನ್ನು ಒಂದರೊಳಗೊಂದು ಹೆಣೆದು ಕಟ್ಟಿದ ರಚನೆ. ಹೀಗೆ ನೋಡಿದರೆ ‘ದೇವಾಲಯ ಚಕ್ರವರ್ತಿ’ ಎಂಬುದು ಇಟಗಿಯನ್ನು ದೂರದ ಗುಡಿಗಳೊಡನೆ ಸ್ಪರ್ಧೆಗೆ ಇಳಿಸುವ ಮಾತಲ್ಲ. ತನ್ನ ಅಂಗಳದಲ್ಲಿಯೂ ಮೈಮೇಲೆಯೂ ಇರುವ ಗುಡಿಗಳಿಗೆ ಅದು ಒಡೆಯ ಎಂಬ ಸಂಬಂಧವನ್ನು ಹೇಳುವ ಮಾತು.

ಈ ಮಾತಿಗೆ ಮಿತಿಗಳಿವೆ. ಶಿಲ್ಪಿಗಳ ಕಲ್ಪನೆ ಮತ್ತು ಶಾಸನಕವಿಯ ಕಲ್ಪನೆ ಒಂದೇ ಆಗಿದ್ದವೆಂದು ಸಾಧಿಸಲು ಬರುವುದಿಲ್ಲ; ಗೋಡೆಯ ಪುಟ್ಟ ಗುಡಿಗಳು ಇಡೀ ಶೈಲಿಗೆ ಸಾಮಾನ್ಯವಾದುದರಿಂದ, ಅವುಗಳಿಂದ ಇಟಗಿಗೆ ಮಾತ್ರ ಸಲ್ಲುವ ಅರ್ಥವನ್ನು ಹೊರಡಿಸುವಾಗ ಎಚ್ಚರ ಬೇಕು. ಇನ್ನು, ಕವಿಗಳ ಬಿರುದುಗಳಂತೆ ಇದನ್ನೂ ಅರಸನೇ ದಯಪಾಲಿಸಿದನೆಂಬುದಕ್ಕೆ ಆಧಾರ ಸಾಲದು.

ಕಾಂಬೋಜದೊಡನೆ, ಅಂದರೆ ಇಂದಿನ ಕಾಂಬೋಡಿಯದೊಡನೆ, ಹೋಲಿಸಿದರೆ ಬಿರುದಿನ ಸ್ವರೂಪ ಇನ್ನಷ್ಟು ತಿಳಿಯಾಗುತ್ತದೆ. ಹನ್ನೊಂದನೆಯ ಶತಮಾನದ ಸ್ದೋಕ್ ಕಾಕ್ ಥೋಮ್ ಶಾಸನದ ಪ್ರಕಾರ ಖ್ಮೇರ್ ಅರಸ ಎರಡನೆಯ ಜಯವರ್ಮನು ಮಹೇಂದ್ರಪರ್ವತದಲ್ಲಿ ವಿಧಿಪೂರ್ವಕವಾಗಿ ಚಕ್ರವರ್ತಿಯಾದನು. ವಿದ್ವಾಂಸರು ಈ ಘಟನೆಯನ್ನು ಕ್ರಿ.ಶ. 802ಕ್ಕೆ ಸೇರಿಸುತ್ತಾರೆ. ಇಟಗಿಯ ಶಾಸನದ ಮರುವರ್ಷ, 1113ರಲ್ಲಿ, ಪಟ್ಟವೇರಿದ ಎರಡನೆಯ ಸೂರ್ಯವರ್ಮನು ಅಂಗ್‌ಕೋರ್ ವಾಟ್ ಕಟ್ಟಿಸಿದನು. ಸುಮಾರು ಒಂದೂವರೆ ಕಿಲೋಮೀಟರ್ ಉದ್ದದ ಕಂದಕದೊಳಗಿರುವ ಅದರ ಮುಂದೆ ಇಟಗಿಯ ಗುಡಿ ಗಾತ್ರದಲ್ಲಿ ಅತಿ ಚಿಕ್ಕದು. ಅಲ್ಲಿ ಚಕ್ರವರ್ತಿತ್ವವು ಅರಸನಿಗೆ ಸಂದ ಪದವಿ, ಇಲ್ಲಿ ಅದು ಗುಡಿಗೆ ಸಂದ ಬಿರುದು. ಆದರೆ ಖ್ಮೇರ್ ಗುಡಿಗಳೆಲ್ಲ ಅರಸರವು, ಚಾಲುಕ್ಯರವೆಲ್ಲ ಅಧಿಕಾರಿಗಳವು ಎಂದು ಇದರಿಂದ ತೀರ್ಮಾನಿಸಲಾಗದು. 967ರಲ್ಲಿ ಪ್ರತಿಷ್ಠೆಗೊಂಡ ಬಾಂತೆಯ್ ಸ್ರೇಯ್ ಗುಡಿಯನ್ನು ಕಟ್ಟಿಸಿದವನು ಯಜ್ಞವರಾಹನೆಂಬ ಆಸ್ಥಾನಿಕನೇ ಹೊರತು ಅರಸನಲ್ಲ. ಹೋಲಿಕೆಯ ಫಲ ಇಷ್ಟೇ: ಗಾತ್ರವಾಗಲಿ ರಾಜಕರ್ತೃತ್ವವಾಗಲಿ ಇಟಗಿಯ ಬಿರುದಿಗೆ ಆಧಾರವಲ್ಲ.

ಈ ವಾದದ ಗಟ್ಟಿತನವು ಮುಖ್ಯವಾಗಿ ಒಂದು ಪ್ರಶ್ನೆಯನ್ನು ಅವಲಂಬಿಸಿದೆ. ಅಂಗಳದ 13 ಗುಡಿಗಳು ಪ್ರಧಾನ ಗುಡಿಯ ಜೊತೆಯಲ್ಲಿಯೇ ಯೋಜಿತವಾದವೋ, ಒಂದೊಂದಾಗಿ ಅನಂತರ ಸೇರಿದವೋ ಎಂಬುದನ್ನು ಅಧಿಷ್ಠಾನದ, ಅಂದರೆ ತಳಪೀಠದ, ಪಟ್ಟಿಕೆಗಳನ್ನೂ ಬಳಸಿದ ಕಲ್ಲನ್ನೂ ಗುಡಿಗುಡಿಗೆ ಹೋಲಿಸಿ ನೋಡಬೇಕಾಗಿದೆ. ಅವು ಅನಂತರ ಸೇರಿದವೆಂದು ತಿಳಿದುಬಂದರೆ ‘ಸಾಮಂತ’ರನ್ನು ಕುರಿತ ಮಾತು ಗೋಡೆಯ ಕೆತ್ತನೆಗೆ ಮಾತ್ರ ಸೀಮಿತವಾಗುತ್ತದೆ. ಹಾಗಾದರೂ ಶಾಸನದ ಬಿರುದನ್ನು ಕಸಿನ್ಸ್ ಅವರ ತೀರ್ಪಿಗೆ ಒತ್ತಾಸೆಯಾಗಿ ಬಳಸುವ ರೂಢಿಗೆ ಆಧಾರ ದೊರೆಯದು. ಕುಷ್ಟಗಿ, ಯಲಬುರ್ಗಾ, ಗಂಗಾವತಿ ಪರಿಸರದ ಚಾಲುಕ್ಯ ಶಾಸನಗಳಲ್ಲಿ ಗುಡಿಗಳಿಗೆ ಬಿರುದು ಕೊಟ್ಟ ಬೇರೆ ನಿದರ್ಶನಗಳು ದೊರೆತರೆ, ಅವುಗಳ ಬೆಳಕಿನಲ್ಲಿ ಇಲ್ಲಿನ ಅರ್ಥವನ್ನು ಮರಳಿ ಪರಿಶೀಲಿಸಬೇಕಾಗುತ್ತದೆ.